ಕ್ಷೇತ್ರ ಕರಗಿದ ಮೇಲೆ: ಬ್ರಹ್ಮಾವರದ ವಕೀಲ-ಶಾಸಕ ಕೆ. ಜಯಪ್ರಕಾಶ್ ಹೆಗ್ಡೆ

ಕೋಟ, ಸಾಲಿಗ್ರಾಮಗಳನ್ನೂ ಒಳಗೊಂಡಿದ್ದ ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ಈಗ ಇಲ್ಲ. ಈ ಕ್ಷೇತ್ರದಿಂದ ವಕೀಲ ಕೆ. ಜಯಪ್ರಕಾಶ್ ಹೆಗ್ಡೆ ಸತತ ಮೂರು ಸಲ ಗೆದ್ದರು: 1994ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಪಕ್ಷೇತರರಾಗಿ. ಅವರಿಗೆ ಬಿದ್ದ ಮತಗಳಲ್ಲಿ ಪಕ್ಷದ್ದೆಷ್ಟು, ವ್ಯಕ್ತಿಯದ್ದೆಷ್ಟು ಎಂಬುದೇ ಈ ಲೇಖನದ ಪ್ರಶ್ನೆ.

1994ರ ಗೆಲುವನ್ನು ದಳದ ಅಲೆಯ ಲೆಕ್ಕಕ್ಕೆ ಬರೆಯಬಹುದು. ಜೆ.ಎಚ್. ಪಟೇಲರ ಸಂಪುಟದಲ್ಲಿ ಹೆಗ್ಡೆ ಬಂದರು ಮತ್ತು ಮೀನುಗಾರಿಕೆ ಸಚಿವರಾದರು. ಹಂಗಾರಕಟ್ಟೆ, ಕೋಡಿ ಕನ್ಯಾನದಂಥ ಮೀನುಗಾರರ ಊರುಗಳಿರುವ ಈ ಕರಾವಳಿಗೆ ಆ ಖಾತೆ ಸಣ್ಣದೇನಲ್ಲ. ಅದೇ ಸರ್ಕಾರದ ಕಾಲದಲ್ಲಿ, 1997ರ ಆಗಸ್ಟ್‌ನಲ್ಲಿ, ಉಡುಪಿ ಜಿಲ್ಲೆಯೂ ಆಯಿತು. 1999ರಲ್ಲಿ ದಳ ಒಡೆದುಹೋಯಿತು. ಹೆಗ್ಡೆಯವರ ನೆಲೆ ಅಲುಗಲಿಲ್ಲ.

ಪಕ್ಷೇತರನಾಗಿ ಎರಡು ಅವಧಿ ಕಳೆಯುವುದು ಕಾನೂನಿನ ದೃಷ್ಟಿಯಿಂದಲೂ ಗಮನಾರ್ಹ. ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷೇತರನಾಗಿ ಗೆದ್ದವನು ಬಳಿಕ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಕಳೆದುಕೊಳ್ಳುತ್ತಾನೆ. ಅವನಿಗೆ ವಿಪ್‌ನ ಕಾಟವಿಲ್ಲ, ಪಕ್ಷದ ಆಸರೆಯೂ ಇಲ್ಲ. ಇಂಥವರನ್ನು ಮತದಾರರು ಒಮ್ಮೆ ಗೆಲ್ಲಿಸುವುದುಂಟು. ಎರಡನೇ ಸಲ ಗೆಲ್ಲಿಸಿದರೆಂದರೆ ಅದು ಮುನಿಸಿನ ಮತವಲ್ಲ ಎಂದು ನನಗನಿಸುತ್ತದೆ.

ಈ ನೆಲೆಗೆ ಪೆಟ್ಟು ಕೊಟ್ಟದ್ದು ಎದುರಾಳಿಯಲ್ಲ, ಕ್ಷೇತ್ರ ಮರುವಿಂಗಡಣೆ. 2008ರಲ್ಲಿ ಕೋಟದ ಭಾಗ ಕುಂದಾಪುರಕ್ಕೂ ಬ್ರಹ್ಮಾವರ ಪೇಟೆ ಉಡುಪಿಗೂ ಹೋದವು. ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವಾಗಿ ಕರಾವಳಿಯ ನಾಲ್ಕು ಮತ್ತು ಘಟ್ಟದ ಮೇಲಿನ ನಾಲ್ಕು ವಿಧಾನಸಭಾ ಕ್ಷೇತ್ರಗಳು ಒಂದಾದವು. ಕೋಟದಲ್ಲಿ ಗಳಿಸಿದ ಹೆಸರು ತರೀಕೆರೆಯಲ್ಲಿ ನಡೆಯಬೇಕೆಂದೇನಿಲ್ಲ. 2009ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಹೆಗ್ಡೆ ಡಿ.ವಿ. ಸದಾನಂದ ಗೌಡರೆದುರು ಸೋತರು. ಮುಖ್ಯಮಂತ್ರಿಯಾದ ಗೌಡರು ಬಿಟ್ಟುಕೊಟ್ಟ ಸ್ಥಾನವನ್ನು 2012ರ ಉಪಚುನಾವಣೆಯಲ್ಲಿ ಗೆದ್ದರು. 2014ರಲ್ಲಿ ಶೋಭಾ ಕರಂದ್ಲಾಜೆ ಹೆಗ್ಡೆಯವರನ್ನು ಸುಮಾರು 1.8 ಲಕ್ಷ ಮತಗಳಿಂದ ಸೋಲಿಸಿದರು. 2015ರಲ್ಲಿ ವಿಧಾನಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತ್ತೆ ಪಕ್ಷೇತರರಾಗಿ ನಿಂತರು. ಆದರೆ ಅಲ್ಲಿ ಮತ ಹಾಕುವವರು ಪಂಚಾಯತ್, ಪುರಸಭೆಗಳ ಸದಸ್ಯರು, ಬಹುಪಾಲು ಪಕ್ಷಗಳ ಹಿಡಿತದಲ್ಲಿರುವವರು. ಬ್ರಹ್ಮಾವರದ ಸೂತ್ರ ಅಲ್ಲಿ ನಡೆಯಲಿಲ್ಲ. ಗೆದ್ದ ಇಬ್ಬರಲ್ಲಿ ಒಬ್ಬರು ಗ್ರಾಮ ಪಂಚಾಯತಿಯಿಂದ ಮೇಲೆ ಬಂದ ಕೋಟ ಶ್ರೀನಿವಾಸ ಪೂಜಾರಿ. 2024ರ ಲೋಕಸಭಾ ಚುನಾವಣೆಯಲ್ಲಿ ಹೆಗ್ಡೆಯವರನ್ನು ಮಣಿಸಿದವರೂ ಅವರೇ.

ನಡುವೆ ಬಿಜೆಪಿ ಸೇರಿದ್ದ ಹೆಗ್ಡೆ 2020ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. ನನ್ನ ಮಟ್ಟಿಗೆ ಅವರ ವಕೀಲಿಕೆ ಶಾಸಕತ್ವಕ್ಕಿಂತ ಹೆಚ್ಚು ಒರೆಗೆ ಬಿದ್ದದ್ದು ಇಲ್ಲೇ. ಹೆಚ್. ಕಾಂತರಾಜ ಅಧ್ಯಕ್ಷರಾಗಿದ್ದಾಗ 2015ರಲ್ಲಿ ನಡೆದ ಸಮೀಕ್ಷೆಯ ದತ್ತಾಂಶವನ್ನು ಆಧರಿಸಿದ ವರದಿಯನ್ನು 2024ರ ಫೆಬ್ರವರಿ 29ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಗಿತ್ತರು. ಮುಂದಿನ ತಿಂಗಳೇ ಕಾಂಗ್ರೆಸ್‌ಗೆ ಮರಳಿದರು. ಇದರಿಂದ ವರದಿಯ ಬಗೆಗಿನ ಚರ್ಚೆಗೆ ಬೇಡದ ರಾಜಕೀಯ ಬಣ್ಣ ಬಂತು. ಆದರೆ ವರದಿಗೆ ತೊಡಕಾದದ್ದು 1995ರ ಆಯೋಗ ಕಾಯ್ದೆ. ಹಿಂದುಳಿದ ವರ್ಗಗಳ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆನ್ನುತ್ತದೆ ಅದು. ಅದನ್ನೇ ಮುಂದೊಡ್ಡಿ ಸರ್ಕಾರ 2025ರಲ್ಲಿ ಹೊಸ ಸಮೀಕ್ಷೆಗೆ ತೀರ್ಮಾನಿಸಿತು. ಸೆಪ್ಟೆಂಬರ್‌ನಲ್ಲಿ ಅದು ಶುರುವಾದಾಗ ಆಯೋಗದ ಅಧ್ಯಕ್ಷರಾಗಿದ್ದವರೂ ವಕೀಲರೇ, ಮಾಜಿ ಅಡ್ವೊಕೇಟ್ ಜನರಲ್ ಮಧುಸೂದನ ಆರ್. ನಾಯಕ್.