ಕೆರೆಯೇರಿಯ ಬಂಡಿಜಾಡು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ವರ್ಷದ ಸರಾಸರಿ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ, ಅದೂ ಎರಡು ಮೂರು ಜೋರು ಮಳೆಗಳಲ್ಲಿ ಬಂದು ಮುಗಿದುಹೋಗುವ ಈ ನೆಲದಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಂಥ ಊರಿನವರಿಗೆ ಜೌಗುಭೂಮಿ ಎಂಬ ಮಾತು ಕರಾವಳಿಗೋ ಮಲೆನಾಡಿಗೋ ಸೇರಿದ್ದೆಂದು ತೋರುವುದು ಸಹಜ. ಆದರೆ ಚಳ್ಳಕೆರೆ, ಬಿ.ಜಿ. ಕೆರೆ ಮೊದಲಾದ ಊರುಗಳು ತಮ್ಮ ಹೆಸರಿನಲ್ಲೇ ಕೆರೆಯನ್ನು ಹೊತ್ತುಕೊಂಡಿವೆ. ನದಿ ಕೈಗೆಟುಕದ ಕಡೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ದಿಬ್ಬ ಕಟ್ಟಿ ನೀರು ನಿಲ್ಲಿಸಿದ ಜನ, ನೀರಿನ ಜೊತೆಗೆ ಆ ನೀರಿನ ಬಳಿಗೆ ಹೋಗುವ ದಾರಿಯನ್ನೂ ಕಟ್ಟಿಕೊಂಡರು. ಇಂದು ಪ್ರವಾಸಿಗರು ದೂರದಿಂದ ಬಂದು ನಡೆಯುವ ಜೌಗುಪ್ರದೇಶದ ನಡಿಗೆದಾರಿಗಳ ಚರಿತ್ರೆಯನ್ನು ಕನ್ನಡನಾಡಿನ ಮಟ್ಟಿಗೆ ಬರೆಯಹೊರಟವರು ಈ ಮಣ್ಣಿನ ದಿಬ್ಬದಿಂದಲೇ ತೊಡಗಬೇಕಾಗುತ್ತದೆ.

ಆ ದಿಬ್ಬಕ್ಕೆ ಕನ್ನಡದಲ್ಲಿ ಏರಿ ಎಂದು ಹೆಸರು. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಕನ್ನಡದಲ್ಲಿ ಅದು ಕೆರೆಯ ಕಟ್ಟೆಗಷ್ಟೇ ಸಲ್ಲುವ ಮಾತು. ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿ, ಅಂದರೆ 1695ರಲ್ಲಿ ಮೊಘಲ್ ಸೇನಾನಿ ಖಾಸಿಂ ಖಾನನು ಮರಾಠರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಊರು, ಇದೇ ಮಾತನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ಏರಿಯ ಒಳಗೆ ನೀರು ಹರಡಿ ನಿಲ್ಲುವ ಜಾಗ ಕೆರೆಯಂಗಳ. ಹೆಚ್ಚಾದ ನೀರು ಹೊರಚೆಲ್ಲುವ ಕಡೆ ಕೋಡಿ. ಗದ್ದೆಗೆ ನೀರು ಬಿಡುವ ಬಾಯಿ ತೂಬು. ಆ ನೀರು ಉಣ್ಣುವ ಭೂಮಿ ಅಚ್ಚುಕಟ್ಟು. ಈ ಜಿಲ್ಲೆಯಲ್ಲಿ ಕೆರೆ ಕಟ್ಟಿಸುವ ಕೆಲಸ ಎಷ್ಟು ಹಳೆಯದೆಂಬುದಕ್ಕೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲಿನ ಪ್ರಾಕೃತ ಶಾಸನವೇ ಸಾಕ್ಷಿ: ಕದಂಬ ಮನೆತನದ ಮೂಲಪುರುಷ ಮಯೂರಶರ್ಮನು ನಾಲ್ಕನೆಯ ಶತಮಾನದಲ್ಲಿ ಅಲ್ಲಿ ತಟಾಕವನ್ನು, ಅಂದರೆ ಕೆರೆಯನ್ನು, ನಿರ್ಮಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ.

ಕೆರೆ ಕಟ್ಟಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸವಾಗಿತ್ತು. ಮಳೆನೀರಿನೊಡನೆ ಬಂದು ಅಂಗಳದಲ್ಲಿ ಕೂರುವ ಹೂಳನ್ನು, ಅಂದರೆ ರೈತರು ಗೋಡು ಎಂದು ಹೊಲಕ್ಕೆ ಹೊಡೆಯುವ ಮಣ್ಣನ್ನು, ಕಾಲಕಾಲಕ್ಕೆ ಎತ್ತದಿದ್ದರೆ ಕೆರೆ ಬಯಲಾಗುತ್ತದೆ. ಏರಿಗೆ ಹೊಸ ಮಣ್ಣು ಕೊಡದಿದ್ದರೆ ಅದು ಕುಸಿಯುತ್ತದೆ. ಆದ್ದರಿಂದಲೇ ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ಕೆರೆಯ ಪಾಲನೆಗೆ ಬಿಟ್ಟ ಭೂಮಿಗಳಿಗೆ ಬೇರೆಬೇರೆ ಹೆಸರುಗಳೇ ಇವೆ: ಕೆರೆ ಕಟ್ಟಿದವನಿಗೂ ದುರಸ್ತಿ ಮಾಡಿದವನಿಗೂ ಕೊಟ್ಟದ್ದು ಕಟ್ಟುಕೊಡಗೆ, ನೀರಾವರಿಯ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟದ್ದು ಬಿತ್ತುವಟ್ಟ, ಹತ್ತರಲ್ಲೊಂದು ಭಾಗದ ಲೆಕ್ಕದಲ್ಲಿ ಸಲ್ಲಿಸಿದ್ದು ದಶವಂದ. ಇವುಗಳ ಸಾಲಿನಲ್ಲೇ ಕೆರೆಗೆ ಮಣ್ಣು ಹೊರುವ ಬಂಡಿಗಳ ಖರ್ಚಿಗೆಂದು ಬಿಟ್ಟ ದತ್ತಿಗಳೂ ಕಾಣುತ್ತವೆ. ಕೆರೆಯ ಚರಿತ್ರೆಯಲ್ಲಿ ರಾಜರಿಗೂ ಶಿಲ್ಪಿಗಳಿಗೂ ಸಿಕ್ಕಷ್ಟು ಗಮನ ಈ ಬಂಡಿಗೆ ಸಿಕ್ಕಿಲ್ಲ, ಆದರೆ ಏರಿಯ ಆಕಾರವನ್ನು ತಿದ್ದಿದ್ದರಲ್ಲಿ ಅದರ ಪಾಲು ದೊಡ್ಡದೆಂದೇ ಎಣಿಸಬೇಕು. ಮಣ್ಣು ತುಂಬಿದ ಬಂಡಿಯನ್ನು ಎತ್ತುಗಳು ಏರಿಯ ನೆತ್ತಿಗೆ ನೇರವಾಗಿ ಎಳೆಯಲಾರವು. ಹೀಗಾಗಿ ಬಂಡಿ ಏರಿಯ ಮಗ್ಗುಲಿನ ಉದ್ದಕ್ಕೆ ಓರೆಯಾಗಿ, ನಿಧಾನವಾಗಿ ಮೇಲೇರಬೇಕು. ಗಾಲಿಗಳು ತುಳಿದು ತುಳಿದು ಗಟ್ಟಿಯಾದ ಆ ಜಾಡಿನಲ್ಲೇ ಮುದುಕರು, ಬಸುರಿಯರು, ಕೊಡ ಹೊತ್ತವರು, ಕರು ಹಿಡಿದವರು ನಡೆದರು. ಗಾಲಿಗೆ ಬೇಕಾದ ಇಳಿಜಾರು ಸೋತ ಕಾಲಿಗೂ ಹಿತವೆಂಬುದು ಶಾಸನಗಳಲ್ಲಿ ಬರೆದ ಮಾತಲ್ಲ, ನೆಲದ ಮೇಲೆ ಕಾಣುವ ಮಾತು.

ಏರಿಯ ಒಳಮಗ್ಗುಲನ್ನು ಅಲೆಯ ಹೊಡೆತದಿಂದ ಕಾಯಲು ಒರಟು ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದರು, ಮತ್ತು ಆ ಕಲ್ಲುಹಾಸಿನ ಎದುರು, ನೀರಿನೊಳಗೆ, ತೂಬಿನ ಎರಡು ಕಲ್ಲುಕಂಬಗಳು ಎದ್ದು ನಿಲ್ಲುತ್ತಿದ್ದವು. ಕಂಬಗಳ ನಡುವೆ ಅಡ್ಡ ಹಾಸಿದ ಕಲ್ಲುಗಳಲ್ಲಿ ತೂತು, ಆ ತೂತಿನ ಮೂಲಕ ಇಳಿದ ನೀಳ ಮರ, ಮರದ ತುದಿಗೆ ತಳದ ಕಿಂಡಿಯನ್ನು ಮುಚ್ಚುವ ಬಿರಡೆ: ತೂಬಿನ ಯಂತ್ರವೆಲ್ಲ ಇಷ್ಟೇ. ಅದನ್ನು ಎತ್ತುವ ಮತ್ತು ಇಳಿಸುವ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವೂ ಅವನದೇ, ಬಿರಡೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸಬೇಕಾದವನೂ ಅವನೇ. ದಿನಕ್ಕೆರಡು ಬಾರಿ ಏರಿಯ ಉದ್ದಕ್ಕೂ ನಡೆದು ಬಿರುಕು, ಇಲಿಬಿಲ, ಜಿನುಗುಗಳನ್ನು ನೋಡುವ ಅವನ ಹೆಜ್ಜೆಯಿಂದಲೇ ಏರಿಯ ಮೇಲಿನ ಕಾಲುದಾರಿ ಹುಲ್ಲು ಮುಚ್ಚದೆ ಉಳಿಯುತ್ತಿತ್ತು.

ದಾರಿಹೋಕರಿಗೂ ಕೆರೆಯೇ ತಂಗುದಾಣ. ಮೋಟಾರು ಬರುವ ಮುನ್ನ ದೂರದ ಪಯಣವೆಂದರೆ ಎತ್ತಿನ ಗಾಡಿಯ ಪಯಣ, ಮತ್ತು ಎತ್ತಿಗೆ ನೀರು ಸಿಗುವ ಕಡೆಯೇ ಗಾಡಿ ಬಿಡಬೇಕು. ಈ ಸೀಮೆಯಲ್ಲಿ ಅಂಥ ಪಯಣಗಳಲ್ಲೆಲ್ಲ ದೊಡ್ಡದು ಫಾಲ್ಗುಣದಲ್ಲಿ ನಡೆಯುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ತಿಪ್ಪೇರುದ್ರಸ್ವಾಮಿಯನ್ನು ಜನ ನೆನೆಯುವುದು ಪವಾಡಗಳಿಗಾಗಿ ಮಾತ್ರವಲ್ಲ, ಬರದ ನೆಲದಲ್ಲಿ ಕೆರೆ ಕಟ್ಟಿಸಿದ್ದಕ್ಕಾಗಿ, ದುಡಿದವರಿಗೆ ದುಡಿದಷ್ಟೇ ಕೂಲಿ ತಪ್ಪದೆ ದಕ್ಕುವಂತೆ ಮಾಡಿದ್ದಕ್ಕಾಗಿ. ಒಬ್ಬ ಶರಣನ ಕೀರ್ತಿ ಮಣ್ಣು ಹೊತ್ತವರ ಕೂಲಿಯ ಲೆಕ್ಕದ ಮೇಲೆ ನಿಂತಿರುವುದು ಈ ನಾಡಿನ ಧಾರ್ಮಿಕ ಚರಿತ್ರೆಯಲ್ಲಿ ಬಹಳ ಬೆಲೆಯುಳ್ಳ ಸಂಗತಿ.

ಹಾಗೆಂದು ಏರಿಯ ದಾರಿ ಎಲ್ಲರಿಗೂ ತೆರೆದಿತ್ತೆಂದು ಬರೆದರೆ ಅದು ಸುಳ್ಳಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಚಿನ್ನಹಗರಿಯ ಸಮೀಪ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವು ಪುಣ್ಯದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರೆಯಬಲ್ಲದೆಂದು ಸಾರುತ್ತದೆ. ಆದರೆ ಅದೇ ನೆಲದಲ್ಲಿ, ಕನ್ನಡನಾಡಿನ ಉಳಿದೆಡೆಗಳಂತೆಯೇ, ಅಸ್ಪೃಶ್ಯರೆನಿಸಿಕೊಂಡವರು ಕೆರೆ ಬಾವಿಗಳ ಮೆಟ್ಟಿಲಿನಿಂದ ದೂರ ನಿಲ್ಲಬೇಕಾಗಿ ಬಂದದ್ದು ಶತಮಾನಗಳ ಅನ್ಯಾಯ. ಏರಿಗೆ ಮಣ್ಣು ಹೊತ್ತ ಕೈಗಳೇ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಡಾ. ಬಿ.ಆರ್. ಅಂಬೇಡ್ಕರರು ಸಾವಿರಾರು ಜನರೊಡನೆ ಕುಡಿದದ್ದು ಇದಕ್ಕೆ ಕೊಟ್ಟ ಉತ್ತರ. ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ ಮತ್ತು ರಸ್ತೆಗಳನ್ನು ಹೆಸರು ಹಿಡಿದು ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ಅವುಗಳಿಂದ ತಡೆಯಕೂಡದೆಂದು ವಿಧಿಸಿದೆ. ನೀರಿನ ಬಳಿಗೆ ಹೋಗುವ ದಾರಿ ಹಕ್ಕಾಗಿ ಮಾರ್ಪಟ್ಟ ಕಥೆಯಲ್ಲಿ ಇದು ಮೊದಲ ಘಟ್ಟ.

ಕೆರೆಯನ್ನೂ ಜೌಗುಭೂಮಿಯೆಂದು ಕಾಣುವ ಎರಡನೆಯ ಘಟ್ಟ ತಡವಾಗಿ ಬಂತು. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಒಪ್ಪಂದವು ಜೌಗುಭೂಮಿಯ ವ್ಯಾಖ್ಯೆಯಲ್ಲಿ ಮನುಷ್ಯ ನಿರ್ಮಿಸಿದ ಜಲಾಶಯಗಳನ್ನೂ ಸೇರಿಸಿಕೊಂಡಿತು. ಭಾರತ ಇದಕ್ಕೆ 1982ರಲ್ಲಿ ಸೇರಿತು. ಆ ಅರ್ಥದಲ್ಲಿ ಬಯಲುಸೀಮೆಯ ಪ್ರತಿ ಕೆರೆಯೂ ಜೌಗುಭೂಮಿಯೇ, ಆದರೆ ಭಾರತದ 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹೀಗೆ ಹೊರಗಿಟ್ಟದ್ದು ಸರಿಯಲ್ಲವೆಂಬುದಕ್ಕೆ ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರವೇ ಪುರಾವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಹಳೆಯ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟಿ ತಂಗುತ್ತವೆ, ಬಣ್ಣದ ಕೊಕ್ಕರೆಗಳೂ ಕೆಂಬರಲುಗಳೂ ನೀರಿನಲ್ಲಿ ನಿಂತ ಕರಿಜಾಲಿ ಮರಗಳನ್ನು ತುಂಬಿಕೊಳ್ಳುತ್ತವೆ.

ಕೊಂಡ್ಲಹಳ್ಳಿಯ ಕಡೆಯಿಂದ ಪಶ್ಚಿಮಕ್ಕೆ ರಸ್ತೆ ಹಿಡಿದು ಘಟ್ಟ ಇಳಿದರೆ ಕೆರೆಯೇರಿಯ ಲೋಕ ಮುಗಿದು ಇನ್ನೊಂದು ಬಗೆಯ ದಾರಿ ಎದುರಾಗುತ್ತದೆ. ಹೊನ್ನಾವರದ ಬಳಿ ಶರಾವತಿ ಕಡಲು ಸೇರುವಲ್ಲಿ, ಸ್ಥಳೀಯರು ಕಾಂಡ್ಲಾ ಎಂದು ಕರೆಯುವ ಮ್ಯಾಂಗ್ರೋವ್ ಕಾಡಿನ ನಡುವೆ, ಅರಣ್ಯ ಇಲಾಖೆಯ ಬೋರ್ಡ್‌ವಾಕ್, ಅಂದರೆ ಕಂಬಗಳ ಮೇಲೆ ಹಲಗೆ ಹಾಸಿದ ನಡಿಗೆದಾರಿ, ಇದೆ. ಕೆಸರಿನಿಂದ ಮೇಲಕ್ಕೆದ್ದ ಉಸಿರುಬೇರುಗಳ ಮೂಲಕ ಗಾಳಿ ಎಳೆದುಕೊಳ್ಳುವ ಕಾಂಡ್ಲಾ ಗಿಡಗಳ ನಡುವೆ ಕಾಲಿಟ್ಟರೆ ಕಾಲೂ ಹೂತುಹೋಗುತ್ತದೆ, ಬೇರೂ ಮುರಿಯುತ್ತದೆ. ಉಬ್ಬರ ಇಳಿತಗಳ ಆ ನೆಲದಲ್ಲಿ ಹಲಗೆಯೇ ಏರಿ. ಈ ಉಪಾಯ ಬಹಳ ಪುರಾತನವಾದುದು: ಇಂಗ್ಲೆಂಡಿನ ಸಾಮರ್‌ಸೆಟ್ ಜೌಗಿನಲ್ಲಿ 1970ರಲ್ಲಿ ದೊರೆತ ಸ್ವೀಟ್ ಟ್ರ್ಯಾಕ್ ಎಂಬ ಹಲಗೆದಾರಿಯ ಮರಗಳನ್ನು ಕ್ರಿ.ಪೂ. 3807ರ ಸುಮಾರಿಗೆ ಕಡಿಯಲಾಗಿತ್ತೆಂದು ಮರದ ವಾರ್ಷಿಕ ಬಳೆಗಳ ಎಣಿಕೆಯಿಂದ ಗೊತ್ತಾಗಿದೆ.

ಹಲಗೆದಾರಿ ಗಾಲಿಕುರ್ಚಿಗೂ ಒದಗಬೇಕಾದರೆ ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ, ಗಾಲಿ ಸಿಕ್ಕಿಕೊಳ್ಳದಷ್ಟು ಕಿರಿದಾದ ಸಂದು ಬಿಟ್ಟು ಹಾಸಬೇಕು, ಅಂಚಿಗೆ ಗಾಲಿ ಜಾರದಂತೆ ತಡೆಪಟ್ಟಿ ಬೇಕು, ಕುರ್ಚಿ ತಿರುಗಲು ಒಂದೂವರೆ ಮೀಟರಿನಷ್ಟು ಜಾಗ ಬೇಕು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು ಸಾರ್ವಜನಿಕ ಸ್ಥಳಗಳನ್ನು ಇಂಥ ಸೌಲಭ್ಯಗಳೊಂದಿಗೆ ತೆರೆಯುವುದನ್ನು ಕಡ್ಡಾಯ ಮಾಡಿತು, ಮತ್ತು ಅದರ ಜೊತೆಗೆ ನಡೆಯುವ ಮಾರ್ಗಸೂಚಿ ಇಳಿಜಾರಿಗೆ ಹಾಕಿದ ಅಳತೆ 12ಕ್ಕೆ 1: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಹತ್ತಡಿ ಎತ್ತರದ ಏರಿಗೆ ಇದು ನೂರಿಪ್ಪತ್ತು ಅಡಿಯಾಗುತ್ತದೆ. ಪಟ್ಟಣದ ಕಟ್ಟಡದ ಮುಂದೆ ಅಷ್ಟು ಜಾಗ ಸಿಗುವುದು ಕಷ್ಟ, ಆದರೆ ನೂರಾರು ಗಜ ಉದ್ದದ ಕೆರೆಯೇರಿಯ ಮಗ್ಗುಲಲ್ಲಿ ಅದು ಧಾರಾಳವಾಗಿ ಸಿಗುತ್ತದೆ, ಮತ್ತು ಹಳೆಯ ಬಂಡಿಜಾಡು ಅದೇ ಓರೆಯಲ್ಲಿ ಹೋಗಿದೆ. ಕಡಿದಾದ ಕಡೆ ಅದನ್ನು ಸವರಿ, ನಡುನಡುವೆ ಕುರ್ಚಿ ನಿಲ್ಲಲು ಸಮತಟ್ಟು ಜಾಗ ಬಿಟ್ಟರೆ ಸಾಕು. ಬಯಲುಸೀಮೆಗೆ ದುಬಾರಿ ಹಲಗೆದಾರಿ ಬೇಕಿಲ್ಲ. ಬಳ್ಳಾರಿ ಜಾಲಿಯ ಮುಳ್ಳಿನಲ್ಲಿ ಮುಚ್ಚಿಹೋದ ಜಾಡನ್ನು ಬಿಡಿಸಿ ಗಟ್ಟಿ ಮಾಡುವುದಷ್ಟೇ ಬೇಕು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿತ್ರದುರ್ಗವೂ ಸೇರಿದ ಮಧ್ಯ ಕರ್ನಾಟಕದ 367 ಕೆರೆಗಳಿಗೆ ಅವುಗಳ ಸಾಮರ್ಥ್ಯದ ಅರ್ಧದಷ್ಟು ನೀರು ತುಂಬಿಸುವ ಗುರಿಯಿದೆ. ಅದಕ್ಕಾಗಿ ಏರಿಗಳ ದುರಸ್ತಿಗೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರರು ತೂಬು, ಕೋಡಿಗಳ ಜೊತೆಗೆ ಬಂಡಿಜಾಡಿಗೂ ಒಂದು ಸಾಲು ಬರೆಯಲಿ.