ಬೆನ್ನ ಮೇಲಿನ ಎಂಜಿನ್

ಪೋರ್ಷೆ 911 ಕಾರಿನ ಎಂಜಿನ್ ಇರುವುದು ಹಿಂದಿನ ಚಕ್ರಗಳ ಆಕ್ಸೆಲ್‌ಗೂ ಆಚೆ, ಕಾರಿನ ತುತ್ತತುದಿಯಲ್ಲಿ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನಕ್ಕೆ ಬಂದಾಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಮರುವರ್ಷ ಸೊನ್ನೆ ಹೋಗಿ ಒಂದು ಬಂತು. ಎಂಜಿನ್ ಮಾತ್ರ ಇದ್ದಲ್ಲೇ ಉಳಿಯಿತು.

ಗಾಳಿಯಿಂದ ತಣಿಯುವ, ಆರು ಸಿಲಿಂಡರಿನ ಆ 2 ಲೀಟರ್ ಎಂಜಿನ್ 130 ಅಶ್ವಶಕ್ತಿಯದು. ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೆ ಕೂರುವುದರಿಂದ ಹೊರಡುವಾಗ ಟೈರುಗಳಿಗೆ ಒಳ್ಳೆಯ ಹಿಡಿತ. ತಿರುವಿನಲ್ಲಿ ಅದೇ ಭಾರ ಮುನಿಯುತ್ತಿತ್ತು. ಜೋರಾಗಿ ನುಗ್ಗಿದ ಚಾಲಕ ಅರ್ಧ ತಿರುವಿನಲ್ಲಿ ಎಕ್ಸಲರೇಟರಿನಿಂದ ಕಾಲೆತ್ತಿದರೆ ತೂಕ ಮುಂದಕ್ಕೆ ವಾಲಿ, ಹಿಂದಿನ ಟೈರುಗಳು ಸಡಿಲಗೊಂಡು, ಕಾರು ಬುಗುರಿಯಂತೆ ಸುತ್ತಿಬಿಡುತ್ತಿತ್ತು. ಹೆದರಿದ ಯಾರಾದರೂ ಮೊದಲು ಮಾಡುವುದು ಕಾಲೆತ್ತುವ ಕೆಲಸವನ್ನೇ ಅಲ್ಲವೆ! ಕಂಪನಿ ಆರಂಭದಲ್ಲಿ ಮುಂದಿನ ಬಂಪರಿನ ಎರಡೂ ತುದಿಗೆ ತಲಾ 11 ಕಿಲೋ ಬೀಡುಕಬ್ಬಿಣ ತುಂಬಿತು. ಹಿಂಭಾರವಾದ ಎತ್ತಿನಗಾಡಿಯ ಮೂಕಿಯ ಮೇಲೆ ಒಬ್ಬರನ್ನು ಕೂರಿಸುವ ಉಪಾಯವೇ ಇದು. ಸರಿಯಾದ ಚಿಕಿತ್ಸೆ ಸಿಕ್ಕಿದ್ದು 1969ರ ಮಾದರಿಗೆ: ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು.

1975ರ ಟರ್ಬೊ ಮಾದರಿ ಹಳೆಯ ಗುಣವನ್ನು ಮತ್ತೆ ಕೆಣಕಿತು. ಅದರ ಶಕ್ತಿ 260 ಅಶ್ವಶಕ್ತಿ. ಕಾಲೊತ್ತಿದ ಮೇಲೆ ಕ್ಷಣಕಾಲ ಏನೂ ಆಗದೆ, ಆಮೇಲೆ ಒಮ್ಮೆಗೇ ನುಗ್ಗುತ್ತಿತ್ತು. ವಿಧವೆಯರನ್ನು ಮಾಡುವ ಕಾರೆಂಬ ಅಡ್ಡಹೆಸರು ಅದಕ್ಕೆ ಅಂಟಿತು.

ಮಾಲೀಕರ ತಲೆನೋವುಗಳು ಬೇರೆಯೇ ಇದ್ದವು. 1974ರಿಂದ 1977ರವರೆಗಿನ 2.7 ಲೀಟರ್ ಎಂಜಿನ್‌ಗಳ ಮೆಗ್ನೀಸಿಯಂ ಕವಚ ಕಾವಿಗೆ ಸೋತು, ಸಿಲಿಂಡರ್ ಹೆಡ್ಡನ್ನು ಬಿಗಿದ ಸ್ಟಡ್‌ಗಳು ಕಿತ್ತುಕೊಂಡು ಬರುತ್ತಿದ್ದವು. ಅನಂತರದ ಎಸ್‌ಸಿ ಮಾದರಿಯಲ್ಲಿ ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಮ್ಮುಖವಾಗಿ ಸಿಡಿದರೆ ಗಾಳಿ ಸೇದುವ ಪ್ಲಾಸ್ಟಿಕ್ ಡಬ್ಬ ಒಡೆಯುತ್ತಿತ್ತು. ಅದಕ್ಕೊಂದು ಸಣ್ಣ ಬಿಡುಗಡೆ ವಾಲ್ವ್ ಕೂರಿಸುವುದು ಮೆಕ್ಯಾನಿಕ್‌ಗಳಿಗೆ ವಾಡಿಕೆಯಾಯಿತು. ಆಯಿಲ್ ನೋಡುವ ಕ್ರಮವೂ ವಿಚಿತ್ರ. ಬೇರೆ ಕಾರುಗಳಲ್ಲಿ ಎಂಜಿನ್ ಆರಿಸಿ ಕಡ್ಡಿ ಎಳೆಯುತ್ತಾರೆ. ಈ ಹಳೆಯ 911ಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ, ಸಮತಟ್ಟು ನೆಲದಲ್ಲಿ ನೋಡಬೇಕು. ತಿಳಿಯದವರು ತಣ್ಣಗಿದ್ದಾಗ ನೋಡಿ, ಕಡಿಮೆಯಿದೆಯೆಂದು ಮೇಲೆ ಸುರಿದು ಹೊಗೆ ಎಬ್ಬಿಸುತ್ತಿದ್ದರು.

1990ರ ದಶಕದ ಕೊನೆಗೆ ಬಂದ 996 ಮಾದರಿಯಲ್ಲಿ ಗಾಳಿಯ ಬದಲು ನೀರಿನಿಂದ ತಣಿಯುವ ಎಂಜಿನ್ ಬಂತು. ಅದರೊಳಗೆ ಅಂಗೈಯಲ್ಲಿ ಹಿಡಿಸುವ ಒಂದು ಬೇರಿಂಗ್ ಕೂಡ. ವಾಲ್ವ್‌ಗಳಿಗೆ ಚಲನೆ ಮುಟ್ಟಿಸುವ ನಡುವಿನ ಶಾಫ್ಟಿನ ತುದಿಯನ್ನು ಹೊತ್ತ ಈ ಬೇರಿಂಗಿಗೆ ಒಳಗೆ ತುಂಬಿಟ್ಟ ಗ್ರೀಸೇ ಗತಿ. ಸೀಲು ಸವೆದು ಗ್ರೀಸು ತೊಳೆದುಹೋದರೆ ಗುಂಡುಗಳು ಚೂರಾಗುತ್ತವೆ, ವಾಲ್ವ್‌ಗಳ ಲಯ ತಪ್ಪಿ ಪಿಸ್ಟನ್ನಿಗೆ ಬಡಿಯುತ್ತವೆ, ಇಡೀ ಎಂಜಿನ್ ಗುಜರಿ ಸೇರುತ್ತದೆ. ಎಲ್ಲ ಕಾರಿಗೂ ಹೀಗಾಗಲಿಲ್ಲ. ಆದರೆ ಯಾವುದಕ್ಕೆ ಆಗುತ್ತದೆಂದು ಮುಂಚೆ ಹೇಳುವಂತಿರಲಿಲ್ಲ. ಆಯಿಲ್ ಬದಲಿಸುವಾಗಲೆಲ್ಲ ಫಿಲ್ಟರನ್ನು ಸೀಳಿ, ಮಡಿಕೆಗಳಲ್ಲಿ ಲೋಹದ ಮಿಣುಕು ಹುಡುಕುವುದು ಮಾಲೀಕರಿಗೆ ರೂಢಿಯಾಯಿತು. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಹೂಡಿದ ದಾವೆ 2013ರಲ್ಲಿ ರಾಜಿಗೆ ಬಂತು.

2009ರ ಮಾದರಿಯಿಂದ ಆ ಶಾಫ್ಟೇ ಇಲ್ಲ. ಹಳೆಯ ಕಾರುಗಳಲ್ಲಿ ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಕ್ಲಚ್ ಕೆಲಸದ ಜೊತೆಗೇ ಅದನ್ನೂ ಮಾಡಿಸುತ್ತಾರೆ. 996 ಕೊಳ್ಳಲು ಬಂದವರು ಬಣ್ಣಕ್ಕಿಂತ ಮೊದಲು ಕೇಳುವುದು ಆ ಕೆಲಸದ ರಸೀದಿಯನ್ನು.