ಮಂಡೇಲಾ ಅವರನ್ನೂ ಬಿಡದ ವೀಸಾ ಪ್ರಶ್ನೆ



ಅಮೆರಿಕ ನೋಡಿ ಬರೋಣ ಅಂತ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದರೆ ಫಾರಂನಲ್ಲಿ ಒಂದು ಪ್ರಶ್ನೆ ಬರುತ್ತೆ. ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದರಾ, ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯಾ, ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ. ಹತ್ತು ವರ್ಷದ ಹಿಂದಿನದೋ ಐವತ್ತು ವರ್ಷದ ಹಿಂದಿನದೋ, ಎಲ್ಲ ಒಂದೇ. ಶಿಕ್ಷೆ ಕೊಟ್ಟ ಕಾನೂನನ್ನು ಮಾಡಿದ್ದು ಯಾರು, ಅದನ್ನು ಯಾರ ಮೇಲೆ ಹೇರಿದ್ದರು ಅಂತ ಮಾತ್ರ ಆ ಪ್ರಶ್ನೆ ಕೇಳೋದಿಲ್ಲ. ಇದರ ಹಿಂದಿನ ಚರಿತ್ರೆ ನಮ್ಮಂಥ ಚಳವಳಿಯವರಿಗೆ ಗೊತ್ತಿರಬೇಕು ಅಂತ ಬರೀತಿದೀನಿ.

ನೆಲ್ಸನ್ ಮಂಡೇಲಾ ಅವರಿಂದಲೇ ಶುರು ಮಾಡೋಣ. ಜೀವಾವಧಿ ಶಿಕ್ಷೆ ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಆದ ಶಿಕ್ಷೆ ಯಾತಕ್ಕೆ ಅಂತ ಕೇಳಿದರೆ ಬಹಳ ಜನ ಹೇಳಲ್ಲ. ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಟ್ಟು ಹೋಗಿ ಬಂದದ್ದೂ ಅದಕ್ಕೆ ಒಂದು ಕಾರಣ!

ಆ ದೇಶದಲ್ಲಿ ಕರಿಯರು ತಮ್ಮದೇ ನೆಲದ ಮೇಲೆ ನಡೆದಾಡೋದಕ್ಕೂ ಪಾಸ್ ಬೇಕಿತ್ತು. 1952ರ ಕಾಯ್ದೆ ಪ್ರಕಾರ ಹದಿನಾರು ದಾಟಿದ ಪ್ರತಿ ಕರಿಯರ ಜೇಬಲ್ಲಿ ಪಾಸ್ ಪುಸ್ತಕ ಇರಲೇಬೇಕು. ಪೊಲೀಸ್ ಕೇಳಿದಾಗ ತೋರಿಸದಿದ್ದರೆ ಜೈಲು. ಬಿಳಿಯರಿಗೆ ಈ ಕಾಟ ಇಲ್ಲ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಅದಾದ ಒಂದು ವಾರಕ್ಕೆ ಮಂಡೇಲಾ ತಮ್ಮ ಪಾಸನ್ನು ಬಹಿರಂಗವಾಗಿ ಸುಟ್ಟರು. ಏಪ್ರಿಲ್‌ನಲ್ಲಿ ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನೇ ಸರ್ಕಾರ ನಿಷೇಧಿಸಿತು.

1962ರ ಜನವರಿಯಲ್ಲಿ ಮಂಡೇಲಾ ಗುಟ್ಟಾಗಿ ಗಡಿ ದಾಟಿದರು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ನಾಯಕರ ಸಮ್ಮೇಳನದಲ್ಲಿ ಮಾತಾಡಿದರು. ಹಲವು ದೇಶ ಸುತ್ತಿ, ಲಂಡನ್ನಿಗೂ ಹೋಗಿ ವಾಪಸ್ ಬಂದರು. ಆಗಸ್ಟ್ 5ರಂದು ಸಿಕ್ಕಿಬಿದ್ದರು. ನವೆಂಬರ್‌ನಲ್ಲಿ ತೀರ್ಪು ಬಂತು: ಮುಷ್ಕರಕ್ಕೆ ಕರೆ ಕೊಟ್ಟದ್ದಕ್ಕೆ ಮೂರು ವರ್ಷ, ಪ್ರಯಾಣದ ದಾಖಲೆ ಇಲ್ಲದೆ ದೇಶ ಬಿಟ್ಟದ್ದಕ್ಕೆ ಎರಡು ವರ್ಷ. ನನಗೆ ಪ್ರತಿನಿಧಿಯೇ ಇಲ್ಲದ ಸಂಸತ್ತು ಮಾಡಿದ ಕಾನೂನಿಗೆ ನಾನು ನೈತಿಕವಾಗಿ ಬದ್ಧನಲ್ಲ ಅಂತ ಅವರು ಆ ಕೋರ್ಟಿನಲ್ಲೇ ವಾದ ಮಾಡಿದ್ದರು. 1964ರಲ್ಲಿ ರಿವೋನಿಯಾ ಕೇಸಿನಲ್ಲಿ ಜೀವಾವಧಿ ಆಯ್ತು.

1990ರಲ್ಲಿ ಬಿಡುಗಡೆ. ಅದೇ ಜೂನ್‌ನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಮೆರವಣಿಗೆ, ಅಮೆರಿಕದ ಸಂಸತ್ತಿನಲ್ಲಿ ಭಾಷಣ. 1993ರಲ್ಲಿ ನೊಬೆಲ್, 1994ರಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನ. ಇಷ್ಟೆಲ್ಲ ಆದಮೇಲೂ ಅಮೆರಿಕದ ವೀಸಾ ಕಡತದಲ್ಲಿ ಅವರು ಹಳೆಯ ಮಂಡೇಲಾನೇ. ಅವರ ಪಕ್ಷವನ್ನು ಆ ದೇಶ ಭಯೋತ್ಪಾದಕ ಸಂಘಟನೆ ಅಂತ ನಮೂದಿಸಿಟ್ಟಿತ್ತು. ಹಾಗಾಗಿ ಪ್ರತಿ ಭೇಟಿಗೂ ವಿಶೇಷ ವಿನಾಯಿತಿ ಬೇಕಿತ್ತು. 2007ರಲ್ಲಿ ಬಾರ್ಬರಾ ಮಸೆಕೆಲಾ ಅವರಿಗೆ ಆದದ್ದು ಇನ್ನೂ ಕ್ರೂರ. ಅದೇ ಅಮೆರಿಕದಲ್ಲಿ ದಕ್ಷಿಣ ಆಫ್ರಿಕಾದ ರಾಯಭಾರಿ ಆಗಿದ್ದವರು ಅವರು. ಸಾಯುವ ಸ್ಥಿತಿಯಲ್ಲಿದ್ದ ಸಂಬಂಧಿಕರನ್ನು ನೋಡಲು ವೀಸಾ ಕೇಳಿದರೆ ಸಿಗಲಿಲ್ಲ. ಸಿಗೋ ಹೊತ್ತಿಗೆ ಆ ಜೀವ ಹೋಗಿಯಾಗಿತ್ತು.

2008ರಲ್ಲಿ ಆಗಿನ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಇದು ತಮಗೆ ಮುಜುಗರದ ವಿಷಯ ಅಂತ ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡರು. ಆ ಜುಲೈನಲ್ಲಿ ಜಾರ್ಜ್ ಬುಷ್ ಒಂದು ಹೊಸ ಕಾನೂನಿಗೆ ಸಹಿ ಹಾಕಿದರು. ಮಂಡೇಲಾ ಅವರಿಗೆ ಆಗ 90 ತುಂಬೋದಕ್ಕೆ ಕೆಲವೇ ದಿನ. ಅಷ್ಟಕ್ಕೂ ಮುಗೀಲಿಲ್ಲ. ರಾಬೆನ್ ದ್ವೀಪದ ಜೈಲಿನಲ್ಲಿ 13 ವರ್ಷ ಕಳೆದು ಮಂತ್ರಿಯೂ ಆಗಿದ್ದ ಟೋಕಿಯೋ ಸೆಕ್ಸ್‌ವಾಲೆ ಅವರನ್ನು 2013ರಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದರು. ಹೆಸರು ಇನ್ನೂ ಪಟ್ಟಿಯಲ್ಲಿತ್ತಂತೆ! ವರ್ಣಭೇದದ ಕಾನೂನು ಸತ್ತು ಎಷ್ಟೋ ವರ್ಷ ಆಗಿತ್ತು. ಅದು ಹುಟ್ಟಿಸಿದ ದಾಖಲೆ ಬದುಕಿತ್ತು.

ಈ ಕಥೆ ನಮಗೆ ಹೊಸದಾ? 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ಕೋರ್ಟಿನ ತೀರ್ಪೂ ಬೇಕಿರಲಿಲ್ಲ. ಇಡೀ ಸಮುದಾಯವನ್ನೇ ಅಪರಾಧಿ ಅಂತ ನೋಟಿಫೈ ಮಾಡಿದರೆ ಆಯ್ತು, ಹುಟ್ಟೋ ಕೂಸೂ ಅಪರಾಧಿ. ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸ್ ಬೇಕು. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಇಂಥ ಜನರನ್ನು ಕೂಡಿಹಾಕಿದ ಸೆಟ್ಲ್‌ಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಜಾಗಕ್ಕೆ ಸೆಟ್ಲ್‌ಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯ್ತು, ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು. ಕಳಂಕ ಮಾತ್ರ ಹೋಗಲಿಲ್ಲ.

ಇನ್ನು ವೀಸಾ ಕಾನೂನಿನ ಮೂಲ. ಶಿಕ್ಷೆ ಆದವರು ಒಳಗೆ ಬರಬಾರದು ಅಂತ ಅಮೆರಿಕ 1875ರಲ್ಲೇ ಕಾಯ್ದೆ ಮಾಡಿತ್ತು. ಚೀನಾದ ಹೆಂಗಸರನ್ನು, ಕೂಲಿಗಳನ್ನು ತಡೆಯೋದಕ್ಕೆ ತಂದ ಕಾಯ್ದೆಯೂ ಅದೇ. ಆದರೆ ರಾಜಕೀಯ ಅಪರಾಧಕ್ಕೆ ಮತ್ತು ಅದರಿಂದ ಹುಟ್ಟಿದ ಅಪರಾಧಕ್ಕೆ ಅಲ್ಲಿ ವಿನಾಯಿತಿ ಇತ್ತು. 1891ರಲ್ಲಿ 'ನೈತಿಕ ಅಧಃಪತನ'ದ ಅಪರಾಧ ಅನ್ನೋ ಮಾತು ಸೇರಿತು, ಇವತ್ತಿಗೂ ಅದೇ ಅಳತೆಗೋಲು. ಈಗಿನ ಕಾನೂನಿನಲ್ಲಿ ವಿನಾಯಿತಿ ಇರೋದು 'ಶುದ್ಧ ರಾಜಕೀಯ' ಅಪರಾಧಕ್ಕೆ ಮಾತ್ರ. ಜನಾಂಗ, ಧರ್ಮ ಅಥವಾ ರಾಜಕೀಯದ ಕಾರಣಕ್ಕೆ ಅಲ್ಪಸಂಖ್ಯಾತರಾದವರನ್ನು ದಮನ ಮಾಡಲು ಕೊಟ್ಟ ಶಿಕ್ಷೆ, ಕಟ್ಟುಕಥೆಯ ಕೇಸಿನಲ್ಲಿ ಆದ ಶಿಕ್ಷೆ ಕೂಡ ಈ ವಿನಾಯಿತಿಯಲ್ಲಿ ಸೇರುತ್ತೆ ಅಂತ ಅವರ ನಿಯಮದಲ್ಲೇ ಇದೆ. ಪಟ್ಟಿಯಲ್ಲಿ ಜಾತಿ ಅನ್ನೋ ಪದ ಇಲ್ಲ, ನೋಡಿ. ಅದನ್ನು ವಾದ ಮಾಡಿ ಒಪ್ಪಿಸೋ ಹೊರೆ ಅರ್ಜಿದಾರನ ಹೆಗಲಿಗೇ ಬೀಳುತ್ತೆ.

ಇಂಗ್ಲೆಂಡಿನದು ಇನ್ನೂ ಬಿಗಿ. ಪ್ರಪಂಚದ ಯಾವ ಕೋರ್ಟಾದರೂ 12 ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆ ಕೊಟ್ಟಿದ್ದರೆ ಪ್ರವಾಸಿ ವೀಸಾ ನಿರಾಕರಿಸಲೇಬೇಕು ಅಂತ ನಿಯಮ.

ನಮ್ಮ ಭಾಗದ ಹಿರಿಯ ಸಂಗಾತಿಯೊಬ್ಬರಿಗೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತು. ಮೂವತ್ತು ವರ್ಷದ ಹಿಂದೆ ರಸ್ತೆ ತಡೆ ಮಾಡಿ ದಂಡ ಕಟ್ಟಿದ ಕೇಸಿದೆ. 'ಇಲ್ಲ ಅಂತ ಬರೆದುಬಿಡು, ಯಾರಿಗೆ ಗೊತ್ತಾಗುತ್ತೆ' ಅಂತ ಏಜೆಂಟ್ ಒಬ್ಬ ಹೇಳಿಕೊಟ್ಟನಂತೆ. ನಾನು ದಿನಾ ಫಾರಂ, ಫೈಲುಗಳ ಮಧ್ಯೆ ಇರೋ ಗುಮಾಸ್ತ. 'ಬೇಡ ಅಕ್ಕಾ' ಅಂದೆ. ಅಂಥ ಸಣ್ಣ ಕೇಸು ಸಾಮಾನ್ಯವಾಗಿ ನೈತಿಕ ಅಧಃಪತನದ ಲೆಕ್ಕಕ್ಕೆ ಬರಲ್ಲ. ಸುಳ್ಳು ಬರೆದದ್ದು ಸಿಕ್ಕಿಬಿದ್ದರೆ ಮಾತ್ರ ಜೀವನಪೂರ್ತಿ ಅನರ್ಹತೆ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಆ ರಸ್ತೆಯಲ್ಲಿ ಕೂತದ್ದು ನಾವು ಮುಚ್ಚಿಡಬೇಕಾದ ಕೆಲಸ ಅಲ್ಲ.

ಚಳವಳಿಯ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮೇಲಿನ ಪ್ರತಿ ಕೇಸಿನ ಎಫ್‌ಐಆರ್, ತೀರ್ಪಿನ ದೃಢೀಕೃತ ನಕಲು, ದಂಡ ಕಟ್ಟಿದ ರಸೀದಿ ಈಗಲೇ ತೆಗೆಸಿ ಇಟ್ಟುಕೊಳ್ಳಿ. ಕೋರ್ಟಿನ ಹಳೇ ಕಡತಗಳನ್ನು ನಿಗದಿತ ಅವಧಿ ಆದಮೇಲೆ ನಾಶ ಮಾಡ್ತಾರೆ. ಆಮೇಲೆ ನಿಮ್ಮ ಪರವಾಗಿ ಮಾತಾಡೋ ಕಾಗದ ಸಿಗಲ್ಲ. ಸಂಘಟನೆಗಳೂ ಹೋರಾಟದ ಕೇಸುಗಳನ್ನು ವಾಪಸ್ ತೆಗೆಸೋ ಬೇಡಿಕೆಯನ್ನು ಸಭೆ ಮುಗಿದ ಮೇಲೆ ಮರೆಯಬಾರದು. ಮಂಡೇಲಾ ದೇಶವನ್ನೇ ಗೆದ್ದರೂ ಅವರ ಹೆಸರು ಪಟ್ಟಿಯಿಂದ ತೆಗೆಸೋದಕ್ಕೆ ಬೇರೆಯದೇ ಕಾನೂನು ಬೇಕಾಯ್ತು. ನಮ್ಮವರ ಹೆಸರು ತಾನಾಗಿ ಅಳಿಯುತ್ತೆ ಅಂತ ಕಾಯೋದು ಬೇಡ.

ಜೈಭೀಮ್.